ಡೇರಿ ಪುಟ್ಟಗೌರಮ್ಮ ಏಳಬೇಡಿ ಅಂದಳು

“ಮೇಷ್ಟ್ರೇ, ಆ ಪೆನ್ನ ಕೆಳಗಿಡಿ. ಪಟ್ಟೀಲಿ ಐಕ್ಳ ಹೆಸ್ರು ಒಡೆದಾಕೋಕೆ ಮುಂಚೆ ನನ್ ಮಾತು ಕೇಳಿ. ತಪ್ಪು ಮಾಡ್ದೋರು ಐಕ್ಳಲ್ಲ, ನಾನು. ಅವ್ಕೆ ಕೀ ಒತ್ತೋದ ಕಲಿಸ್ದೋಳು ನಾನು. ಒತ್ತಿದ್ ತಕ್ಷಣ ಎದ್ದು ಜಾಗ ಬುಡು ಅಂತ ಕಲಿಸ್ದೋಳೂ ನಾನೇಯ. ನಮ್ ಡೇರೀಲಿ ಅಂಗೇ ಅಲ್ವಾ? ನಂಬರ್ ಒತ್ತು, ಹಾಲು ಸುರಿ, ಚೀಟಿ ತಗೊ, ನಡಿ, ಹಿಂದ್ಗಡೆ ಜನ ನಿಂತವ್ರೆ. ಐಕ್ಳು ಅಲ್ಲೂ ಅದನ್ನೇ ಮಾಡುದ್ವು. ಮೊದಲ್ನೇ ಪ್ರಶ್ನೆಗೆ ಉತ್ರ ಒತ್ತುದ್ವು, ಮುಗೀತು ಅನ್ನೋ ಬಟನ್ನೂ ಒತ್ತುದ್ವು, ಎದ್ದು ಕುರ್ಚಿ ಹಿಂದೆ ಸಾಲಾಗಿ ನಿಂತ್ಕಂಡ್ವು. ಬುದ್ಧಿ ಇಲ್ದೆ ಅಲ್ಲ, ಮರ್ಯಾದೆ ಇದ್ದುದ್ಕೆ. ಅವು ಒತ್ತಿದ ಒಂದು ಉತ್ರ ಹನ್ನೊಂದು ಐಕ್ಳದೂ ಸರಿಯಾಗಿತ್ತು, ಅದನ್ನ ಯಾರಾದ್ರೂ ನೋಡುದ್ರಾ? ಅಲ್ಲಿದ್ದೋರು ನಕ್ಕಿದ್ದ ಮಾತ್ರ ನೋಡುದ್ರಿ. ಈಗ ನೀವು ಹೆಸ್ರು ಒಡುದ್ರೆ, ಕಂಪ್ಯೂಟ್ರು ನಮ್ಮಂಥೋರ್ಗಲ್ಲ ಅಂತ ಅವು ಸಾಯೋಗಂಟ ಅಂದ್ಕತವೆ. ನಂಗೂ ಇಂಗೇ ಒಬ್ರು ಅಂದಿದ್ರು. ನಾನು ಕೇಳ್ನಿಲ್ಲ. ಇವ್ಕೂ ಕೇಳಾಕೆ ಬುಡಾಕಿಲ್ಲ. ಇಪ್ಪತ್ತು ದಿನ ಕೊಡಿ. ಏಳಾಕೆ ಕಲಿಸ್ದೋಳು ಕೂರಾಕೂ ಕಲಿಸ್ತೀನಿ.”

ಹೊಣಕೆರೆ ಹೋಬಳಿಯ ನಮ್ಮ ಹೊನ್ನೇಮರದಕೊಪ್ಪಲಿನ ಶಾಲೆಯಲ್ಲಿ, ಡಿಸೆಂಬರ್ ಕೊನೆಯ ವಾರ, ಮುಖ್ಯ ಮೇಷ್ಟ್ರು ರವೀಂದ್ರ ಅವರ ಮೇಜಿನ ಮುಂದೆ ನಿಂತು ನಮ್ಮ ಡೇರಿಯ ಕಾರ್ಯದರ್ಶಿ ಪುಟ್ಟಗೌರಮ್ಮ ಆಡಿದ ಮಾತು ಇದು. ಆ ಹನ್ನೊಂದು ಮಕ್ಕಳಲ್ಲಿ ನನ್ನ ಮೊಮ್ಮಗಳು ಚಿನ್ನುವೂ ಒಬ್ಬಳು. ಹಾಗಾಗಿ ನಾನೂ ಬಾಗಿಲ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ವಿಷಯ ಇಷ್ಟು. ಮೈಸೂರಿನ ಒಂದು ಟ್ರಸ್ಟಿನವರು ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಪರೀಕ್ಷೆ ಇಡುತ್ತಾರೆ. ಗೆದ್ದವರನ್ನು ಪಿಯುಸಿ ಮುಗಿಯುವವರೆಗೆ ತಾವೇ ಓದಿಸುತ್ತಾರೆ. ಮೊದಲೆಲ್ಲ ಕಾಗದದ ಮೇಲೆ ಬರೆಯುವ ಪರೀಕ್ಷೆ. ಈ ಸಲದಿಂದ ಕಂಪ್ಯೂಟರಿನ ಮುಂದೆ ಕೂತೇ ಬರೆಯಬೇಕು, ನಲವತ್ತು ಪ್ರಶ್ನೆ, ಒಂದು ಗಂಟೆ, ಅಂದರು. ನಮ್ಮ ಶಾಲೆಯ ಎರಡು ಕಂಪ್ಯೂಟರಿನಲ್ಲಿ ಒಂದು ಆನ್ ಆಗುವುದಿಲ್ಲ, ಇನ್ನೊಂದು ಆನ್ ಆದರೆ ಆಫ್ ಆಗುವುದಿಲ್ಲ. ಮಕ್ಕಳು ಮೊಬೈಲು ಕಂಡಿದ್ದವೇ ಹೊರತು ಮೌಸು ಹಿಡಿದಿರಲಿಲ್ಲ. ಆಗ ಪುಟ್ಟಗೌರಮ್ಮ ಡೇರಿಗೆ ಹಾಲು ತರುವ ಏಳನೇ ಕ್ಲಾಸಿನ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ನಿಮ್ಮ ನಿಮ್ಮ ಮನೆಯ ಸದಸ್ಯರ ನಂಬರು ನೀವೇ ಒತ್ತಿ ಅಂತ ಶುರು ಮಾಡಿದಳು. ನಾಲ್ಕು ತಿಂಗಳಲ್ಲಿ ಹನ್ನೊಂದು ಮಕ್ಕಳ ಬೆರಳು ಎಷ್ಟು ಚುರುಕಾದವೆಂದರೆ, ನಾವು ಮುದುಕಿಯರು ಕ್ಯಾನಿನ ಮುಚ್ಚಳ ತೆಗೆಯುವಷ್ಟರಲ್ಲಿ ಚೀಟಿ ಹೊರಗೆ ಬಂದಿರುತ್ತಿತ್ತು.

ಆ ಚುರುಕೇ ಮುಳುವಾಯಿತು. ಡಿಸೆಂಬರಿನಲ್ಲಿ ಪಾಂಡವಪುರದ ಕಡೆಯ ಒಂದು ಕಾಲೇಜಿನಲ್ಲಿ ಪರೀಕ್ಷೆಗೂ ಮುಂಚಿನ ಅಭ್ಯಾಸದ ಪರೀಕ್ಷೆ ಇಟ್ಟಿದ್ದರು. ಬೇರೆ ಶಾಲೆಯ ಮಕ್ಕಳು ಗಂಟೆ ಪೂರ್ತಿ ಕೂತಿದ್ದಾಗ ನಮ್ಮ ಹನ್ನೊಂದು ಮಕ್ಕಳು ಐದೇ ನಿಮಿಷದಲ್ಲಿ ಎದ್ದು, ಮುಂದಿನವರಿಗೆ ಜಾಗ ಬಿಟ್ಟು ನಿಂತಿದ್ದರು. ಮುಂದಿನವರು ಅಂತ ಅಲ್ಲಿ ಯಾರೂ ಇರಲಿಲ್ಲ. ನಲವತ್ತಕ್ಕೆ ಒಂದು ಅಂಕ, ಎಲ್ಲರಿಗೂ.

ರವೀಂದ್ರ ಮೇಷ್ಟ್ರು ಕೆಟ್ಟವರಲ್ಲ. ಅಂಜುವ ಜೀವ. “ಶಾಲೆ ಹೆಸ್ರು ಹೋಯ್ತದೆ ಕಣಮ್ಮ, ಈ ವರ್ಷ ಬ್ಯಾಡ” ಅನ್ನುವುದೇ ಅವರ ಮಾತಾಗಿತ್ತು. ಪುಟ್ಟಗೌರಮ್ಮನ ಮಾತು ಮುಗಿದ ಮೇಲೆ ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಜನವರಿ ಹದಿನೆಂಟಕ್ಕೆ ಪಟ್ಟಿ ಕಳಿಸ್ಬೇಕು. ಹದಿನೇಳಕ್ಕೆ ನಾನೇ ಡೇರಿಗೆ ಬಂದು ನೋಡ್ತೀನಿ. ಒಂದು ಗಂಟೆ ಒಬ್ರೂ ಏಳ್ದೆ ಕೂತಿದ್ರೆ ಸಹಿ ಹಾಕ್ತೀನಿ. ಒಬ್ರು ಎದ್ರೂ ಇಲ್ಲ” ಅಂದರು.

“ಆಯ್ತು ಬುಡಿ” ಅಂದಳು ಪುಟ್ಟಗೌರಮ್ಮ. ಹೊರಗೆ ಬಂದ ಮೇಲೆ ನನ್ನ ಕೇಳಿದಳು, “ಚಿಕ್ಕಬೋರವ್ವ, ಕೂರಾದ ಎಂಗೆ ಕಲಿಸಾದು?”

ಪುಟ್ಟಗೌರಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಅವಳು ಅಕ್ಕಿಹೆಬ್ಬಾಳಿನ ಕಡೆಯವಳು, ಹೇಮಾವತಿ ದಂಡೆಯಲ್ಲಿ ಬೆಳೆದವಳು. ಎಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಮತ್ತೆ ಕಟ್ಟುತ್ತೇನೆ ಅನ್ನುವಷ್ಟರಲ್ಲಿ ಮದುವೆ ಮಾಡಿ ಇಲ್ಲಿಗೆ ಕಳಿಸಿದರು. ಗಂಡ ಸಿದ್ದರಾಜು ಮಾತು ಕಡಿಮೆಯ ಮನುಷ್ಯ, ರಾಗಿ, ತೆಂಗು, ಎರಡು ಹಸು. ಇವಳು ಮೊದಲು ಡೇರಿಯಲ್ಲಿ ಕ್ಯಾನು ತೊಳೆಯಲು ಸೇರಿದಳು. ಆಮೇಲೆ ನೀರು ಬೆರೆತಿದೆಯೋ ಅಂತ ಹಾಲಿನ ಡಿಗ್ರಿ ನೋಡುವುದನ್ನು ಕಲಿತಳು. ಹಳೆಯ ಕಾರ್ಯದರ್ಶಿ ಬಿಟ್ಟು ಹೋದಾಗ ಪುಸ್ತಕ ಬರೆಯುವ ಕೆಲಸ ತಾನಾಗಿ ಇವಳ ಕೈಗೆ ಬಂತು.

ಏಳು ವರ್ಷದ ಹಿಂದೆ ಡೇರಿಗೆ ಕಂಪ್ಯೂಟರು ಬಂದಾಗ ಅಧ್ಯಕ್ಷ ಕರಿಯಪ್ಪನವರು ಸಭೆಯಲ್ಲಿ, ಇದಕ್ಕೆ ನಾಗಮಂಗಲದಿಂದ ಒಬ್ಬ ಕಲಿತ ಹುಡುಗನನ್ನು ತರೋಣ, ಹೆಂಗಸರ ಕೈಗೆ ಸಿಕ್ಕರೆ ಮಿಷನ್ನು ಉಳಿಯುವುದಿಲ್ಲ ಅಂದಿದ್ದರು. “ಎಂಟು ದಿನ ಕೊಡಿ” ಅಂದಿದ್ದಳು ಇವಳು. ಸೀರೆ ಬಂದಿದ್ದ ಡಬ್ಬದ ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಹಿಟ್ಟು ಬೇಯುವಾಗ ಬೆರಳು ಆಡಿಸುತ್ತಿದ್ದಳು. ಆ ರಟ್ಟು ಮಸಿ ಹಿಡಿದು ಈಗಲೂ ಅಲ್ಲೇ ಇದೆ.

ಒಂಬತ್ತನೇ ದಿನ ಮಿಷನ್ನಿನ ಮುಂದೆ ಕೂತಳು. ಏನು ಒತ್ತಿದಳೋ, ಪರದೆಯ ಮೇಲಿನ ಅಕ್ಷರವೆಲ್ಲ ತಲೆಕೆಳಗಾಗಿ ನಿಂತಿತು. ಹಾಲು ಹಾಕಲು ಬಂದವರು ಮುಖ ಮುಖ ನೋಡಿಕೊಂಡರು. ಕರಿಯಪ್ಪನವರು ಬಾಗಿಲಲ್ಲೇ ಇದ್ದರು. ಪುಟ್ಟಗೌರಮ್ಮ ಎದ್ದು, ಪರದೆಯನ್ನೇ ಎತ್ತಿ ತಲೆಕೆಳಗು ಮಾಡಿ, ಎರಡು ಕ್ಯಾನಿನ ಮಧ್ಯೆ ಒರಗಿಸಿ, ಮುಂದಿನ ನಂಬರು ಕರೆದಳು. ಮಿಷನ್ನು ರಿಪೇರಿಯ ಸಾದಿಕ್ ಮಾರನೇ ದಿನ ಬಂದು ನೋಡಿ ನಕ್ಕು ನೆಲದ ಮೇಲೆ ಕೂತುಬಿಟ್ಟ. “ಅರೆ ಅಕ್ಕಾ, ಇದಕ್ಕೆ ಒಂದು ಕೀ ಒತ್ತಿದ್ರೆ ಸಾಕಿತ್ತಲ್ಲ!” ಅಂದ. “ಯಾವ್ ಕೀ ಅಂತ ನಂಗೊತ್ತಿರ್ಲಿಲ್ಲ. ಹಾಲು ಕಾಯ್ತದಾ?” ಅಂದಳಂತೆ. ಅವತ್ತಿಂದ ಸಾದಿಕ್‌ಗೆ ಈ ಅಕ್ಕನ ಕಂಡರೆ ಬಹಳ ಗೌರವ.

ಈ ಸಾದಿಕ್ ಶ್ರೀರಂಗಪಟ್ಟಣದವನು. ಅಲ್ಲಿಂದ ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಅಂತ ಬೈಕಿನಲ್ಲಿ ಸುತ್ತಿ ಡೇರಿಗಳ ಮಿಷನ್ನು ರಿಪೇರಿ ಮಾಡುತ್ತಾನೆ. ಈ ಸಲ ಪುಟ್ಟಗೌರಮ್ಮ ಕೆಟ್ಟ ಕೀಬೋರ್ಡು ಬೇಕು ಅಂತ ಫೋನು ಮಾಡಿದ ನಾಲ್ಕನೇ ದಿನ ಒಂದು ಗೋಣಿಚೀಲ ತಂದು ಡೇರಿಯ ನೆಲಕ್ಕೆ ಸುರಿದ. ಹತ್ತು ಕೆಟ್ಟ ಕೀಬೋರ್ಡು. ಒಳಗೆಲ್ಲ ಹಾಲು ಒಣಗಿ ಗಟ್ಟಿಯಾಗಿತ್ತು. ಒಂದರಲ್ಲಿ ಎಂಟರ ಕೀಲಿಯೇ ಇರಲಿಲ್ಲ.

“ಇದು ಯಾವೂರ್ದು?”

“ಅಕ್ಕಿಹೆಬ್ಬಾಳ್ದು ಅಕ್ಕಾ.”

“ನಮ್ಮೂರ್ದಾ? ಅದ್ಕೇ ಒಂದು ಕಮ್ಮಿ ಅದೆ” ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಒಳ್ಳೆಯ ಕಂಪ್ಯೂಟರು ಒಂದು, ಕೆಟ್ಟ ಕೀಬೋರ್ಡು ಹತ್ತು, ಮಕ್ಕಳು ಹನ್ನೊಂದು. ಶಾಲೆ ಬಿಟ್ಟ ಮೇಲೆ, ಸಂಜೆಯ ಹಾಲು ಶುರುವಾಗುವ ಮೊದಲು, ಡೇರಿಯ ನೀಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪರದೆ ಬರೆದರು. ಒಬ್ಬರು ಕಂಪ್ಯೂಟರಿಗೆ, ಉಳಿದ ಹತ್ತು ಮಕ್ಕಳು ತೊಡೆಯ ಮೇಲೆ ಕೀಬೋರ್ಡು ಇಟ್ಟು ಆ ಗೋಡೆಗೆ ಮುಖ ಮಾಡಿ ನೆಲದ ಮೇಲೆ. ಬಲಗಡೆ ನಲವತ್ತು ಚೌಕ. ಕೆಳಗೆ ‘ಮುಂದೆ’ ಅನ್ನುವ ಬಟನ್ನು. ದೂರದ ಮೂಲೆಯಲ್ಲಿ ‘ಮುಗಿಸು’ ಅನ್ನುವುದು. ಅದರ ಮೇಲೆ ಪುಟ್ಟಗೌರಮ್ಮ ಒಂದು ಹಿಡಿ ಸಗಣಿ ಮೆತ್ತಿದಳು. “ಗಡಿಯಾರದಲ್ಲಿ ಒಂದು ಗಂಟೆ ಆಗೋಗಂಟ ಅದ ಮುಟ್ಟೋರು ಸಗಣಿ ಮುಟ್ದಂಗೆ. ಮುಗುದ್ರೂ ಮುಟ್ಬೇಡಿ. ಹಿಂದಕ್ಕೋಗಿ ನೋಡಿ, ಬುಟ್ಟಿದ್ದ ಹುಡುಕಿ. ಆ ಗಂಟೆ ನಿಮ್ದು. ಅದ ಯಾರ್ಗೂ ಕೊಡಂಗಿಲ್ಲ.”

ಮೂರು ದಿನಕ್ಕೆ ಮಕ್ಕಳು ಬಟನ್ನಿನ ವಿಷಯ ಕಲಿತವು. ಕೂರುವುದು ಮಾತ್ರ ಬರಲಿಲ್ಲ. ಹಿಂದೆ ಯಾರದಾದರೂ ಚಪ್ಪಲಿಯ ಸದ್ದಾದರೆ ಸಾಕು, ಅರ್ಧ ಎದ್ದು ನಿಲ್ಲುತ್ತಿದ್ದವು. ಅದು ಡೇರಿಯ ಅಭ್ಯಾಸ ಮಾತ್ರವಲ್ಲ. ನಾವೇ ಹಾಗೆ ಸಾಕಿದ್ದೆವು. ದೊಡ್ಡವರು ಬಂದರೆ ಏಳು, ಜಾಗ ಬಿಡು, ಪಕ್ಕಕ್ಕೆ ನಿಲ್ಲು. ಆ ಮಕ್ಕಳು ಹುಟ್ಟಿದಾಗಿನಿಂದ ಕೇಳಿದ್ದು ಅದೇ.

ಆಗ ಪುಟ್ಟಗೌರಮ್ಮ ನಮ್ಮನ್ನು ಕರೆದಳು. ಹಾಲು ಹಾಕುವ ಮುದುಕ ಮುದುಕಿಯರನ್ನು. ಖಾಲಿ ಕ್ಯಾನು ಹಿಡಿದು ಮಕ್ಕಳ ಹಿಂದೆ ಸಾಲು ನಿಲ್ಲಬೇಕು, ಬೈಯಬೇಕು, ದಬ್ಬಬೇಕು, ಅವು ಏಳಬಾರದು. “ಬಾಯಿಗೆ ಬಂದಂಗೆ ಬೈರಿ. ಆದ್ರೆ ಹೊಡೀಬೇಡಿ” ಅಂದಳು.

ಬೈಯುವುದಕ್ಕೆ ನಮ್ಮ ದ್ಯಾವಯ್ಯನನ್ನು ಮೀರಿಸುವವರಿಲ್ಲ. ಎಪ್ಪತ್ತೈದು ವರ್ಷ, ಹಲ್ಲು ನಾಲ್ಕೇ, ಗಂಟಲು ಮಾತ್ರ ಕಹಳೆ. ಅವನು ಸಿದ್ದಾರ್ಥ ಅನ್ನುವ ಹುಡುಗನ ಹಿಂದೆ ನಿಂತ.

“ಲೇ ಸಿದ್ದಾರ್ಥ, ಏಳ್ಲಾ ಮ್ಯಾಲೆ! ಹಾಲು ಒಡ್ದೋಯ್ತದೆ ಕಣ್ಲಾ!”

ಹುಡುಗ ಎದ್ದ.

“ಕೂತ್ಕೊ” ಅಂದಳು ಪುಟ್ಟಗೌರಮ್ಮ.

“ಲೇ, ನಿಮ್ಮಟ್ಟಿ ಎಮ್ಮೆ ಹಗ್ಗ ಕಿತ್ಕಂಡು ಗೌಡ್ರ ಗದ್ದೆಗೆ ಬಿತ್ತು, ಓಡ್ಲಾ!”

ಹುಡುಗ ಮತ್ತೆ ಎದ್ದ. ಬಾಗಿಲ ತನಕ ಹೋಗಿ ವಾಪಸು ಬಂದ. ಮೂರನೇ ಸಲ ದ್ಯಾವಯ್ಯ ಅದನ್ನೇ ಕೂಗಿದಾಗ ಸಿದ್ದಾರ್ಥ ತಿರುಗಿಯೂ ನೋಡದೆ ಹೇಳಿದ, “ತಾತ, ನಮ್ಮನೇಲಿ ಎಮ್ಮೇನೇ ಇಲ್ಲ. ನನ್ ಟೈಮು ಇನ್ನೂ ಅದೆ.”

ಡೇರಿಯ ತಗಡು ಹಾರಿಹೋಗುವ ಹಾಗೆ ನಾವೆಲ್ಲ ನಕ್ಕೆವು. ದ್ಯಾವಯ್ಯನಿಗೂ ನಗು ತಡೆಯಲಾಗಲಿಲ್ಲ. ಅವತ್ತಿಂದ ಅದು ಎಲ್ಲ ಮಕ್ಕಳ ಬಾಯಿಗೆ ಬಂತು. ನನ್ನ ಟೈಮು ಇನ್ನೂ ಅದೆ. ನಾನೂ ಚಿನ್ನುವಿನ ಹಿಂದೆ ನಿಂತು ದಿನಾ ಬೈದೆ. ಮೊಮ್ಮಗಳನ್ನು ಸುಮ್ಮಸುಮ್ಮನೆ ಬೈಯುವುದು ಕಷ್ಟ. ಅವಳು ಏಳದೆ ಕೂತರೆ ಇನ್ನೂ ಜೋರಾಗಿ ಬೈಯುತ್ತಿದ್ದೆ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಐಕಳಿಗೆ ಕೊಬ್ಬು ಕಲಿಸ್ತಾವಳೆ ಅಂತ ಬೀದಿಯಲ್ಲಿ ಮಾತು ಹುಟ್ಟಿತು. ಜನವರಿ ಹನ್ನೊಂದೋ ಹನ್ನೆರಡೋ, ಕರಿಯಪ್ಪನವರು ಸಂಜೆ ಐದಕ್ಕೆ ಡೇರಿಗೆ ಬಂದರು. ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಚಿನ್ನು ಇದ್ದಳು. ಡೇರಿಯಲ್ಲಿ ಇರುವುದು ಅದೊಂದೇ ಕುರ್ಚಿ. ಅಧ್ಯಕ್ಷರು ಬಂದರೆ ಅದರಲ್ಲಿ ಕೂರುವುದು ವಾಡಿಕೆ.

“ಏಳವ್ವ” ಅಂದರು.

ಚಿನ್ನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನನ್ ಟೈಮು ಇನ್ನೂ ಅದೆ” ಅಂದಳು.

ಹಿಂದೆ ನಿಂತಿದ್ದ ನಾನು ಬೈಯುವುದನ್ನು ನಿಲ್ಲಿಸಿದೆ. ಇದು ಆಟದ ಬೈಗುಳವಲ್ಲ, ನಿಜವಾದ ಅಧ್ಯಕ್ಷರು. ಪುಟ್ಟಗೌರಮ್ಮ ಮೂಲೆಯಿಂದ ಬಂದು, “ಅವ್ಳಿಗೆ ಇನ್ನು ಹನ್ನೆರಡು ನಿಮಿಷ ಅದೆ ಗೌಡ್ರೇ. ನಿಂತಿರಿ, ಇಲ್ಲಾ ಆ ಕ್ಯಾನ್ ಮ್ಯಾಲೆ ಕೂತ್ಕಳಿ” ಅಂದಳು.

“ಇದು ಹಾಲಿನ ಡೇರಿನೋ, ನಿನ್ ಇಸ್ಕೂಲೋ?”

“ಹಾಲು ಹಾಕೋ ಟೈಮಲ್ಲಿ ಡೇರಿ. ಈಗ ಇಸ್ಕೂಲು.”

“ಬೀಗದ ಕೈ ಕೊಡು” ಅಂದರು ಕರಿಯಪ್ಪನವರು. ಕೈ ಚಾಚಿಕೊಂಡೇ ನಿಂತರು.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಅವರ ಅಂಗೈಗೆ ಹಾಕಿದಳು. “ತಗೊಳ್ಳಿ. ಬೆಳಿಗ್ಗೆ ಆರಕ್ಕೆ ಬಾಗ್ಲು ತೆಗೀಬೇಕು. ಏಳೂ ಕಾಲಿಗೆ ಲಾರಿ ಬರ್ತದೆ. ಕಾಯಾಕಿಲ್ಲ.” ಅಷ್ಟು ಹೇಳಿ ಚಿನ್ನುವಿನ ಕಡೆ ತಿರುಗಿ, “ನೀನು ಯಾಕೆ ನಿಲ್ಸಿದ್ದೀಯ? ಮಾಡು” ಅಂದಳು. ಆ ಹನ್ನೆರಡು ನಿಮಿಷ ಮುಗಿಯುವ ತನಕ ಕರಿಯಪ್ಪನವರು ಬೀಗದ ಕೈ ಹಿಡಿದು ನಿಂತೇ ಇದ್ದರು.

ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದಿತ್ತು. ಅಧ್ಯಕ್ಷರು ಕುರ್ಚಿಯಲ್ಲಿ ಕೂತಿದ್ದರು. ಪುಟ್ಟಗೌರಮ್ಮ ತನ್ನ ಮನೆಯ ಹಾಲು ಹಿಡಿದು, ಮೂವತ್ತನಾಲ್ಕನೇ ನಂಬರಿನ ಸದಸ್ಯೆಯಾಗಿ, ಎಲ್ಲರ ಹಾಗೆ ಸಾಲಿನಲ್ಲಿ ನಿಂತಿದ್ದಳು. ಕರಿಯಪ್ಪನವರು ಪರದೆಯನ್ನು ಬೆರಳಲ್ಲಿ ಮುಟ್ಟಿದರು. ಮೊಬೈಲಿನ ಹಾಗೆ ಅದು ಅಲುಗಾಡಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದರು. ಮೊದಲನೇ ನಂಬರಿನವರ ಹಾಲಿಗೇ ಹತ್ತು ನಿಮಿಷ ಹಿಡಿಯಿತು. ಆರೂವರೆಗೆ ನಾಲ್ಕು ಜನರದು ಆಗಿತ್ತು. ಸಾಲು ಮಾರಿಗುಡಿಯ ತನಕ ಬೆಳೆದಿತ್ತು.

“ಗೌಡ್ರೇ, ನಮ್ಮ ಕರು ದೊಡ್ಡದಾಗೋಗಂಟ ನಿಂತಿರದಾ?” ಅಂತ ದ್ಯಾವಯ್ಯ ಹಿಂದಿನಿಂದ ಕೂಗಿದ.

ಕರಿಯಪ್ಪನವರು ಒಮ್ಮೆ ಪುಟ್ಟಗೌರಮ್ಮನ ಕಡೆ ನೋಡಿದರು. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು. ಕೊನೆಗೆ ಅವರು ಚಿನ್ನುವನ್ನು ಕರೆದರು. “ಏ ಉಡ್ಗಿ, ನಿಂಗೆ ಬರ್ತದಲ್ವಾ? ಬಾ ಇಲ್ಲಿ.”

ಚಿನ್ನು ಪುಟ್ಟಗೌರಮ್ಮನ ಮುಖ ನೋಡಿದಳು. ಅವಳು ಹೂಂ ಅನ್ನುವ ಹಾಗೆ ತಲೆ ಆಡಿಸಿದಳು. ಹುಡುಗಿ ಹೋಗಿ ಕುರ್ಚಿಯ ಪಕ್ಕ ನಿಂತು, ಬಹಳ ಮರ್ಯಾದೆಯಿಂದ ಹೇಳಿದಳು. “ಏಳಿ ಗೌಡ್ರೇ.”

ಊರಿಗೆ ಊರೇ ನೋಡುತ್ತಿತ್ತು. ಅಧ್ಯಕ್ಷರು ಎದ್ದರು.

ಲಾರಿ ಹಾರನ್ನು ಹೊಡೆಯುವ ಹೊತ್ತಿಗೆ ಚಿನ್ನು ನೂರಾ ಆರು ಜನರ ಹಾಲು ಮುಗಿಸಿದ್ದಳು. ಕರಿಯಪ್ಪನವರು ಬೀಗದ ಕೈಯನ್ನು ಮಿಷನ್ನಿನ ಮೇಲಿಟ್ಟು ಹೊರಟರು. ಪುಟ್ಟಗೌರಮ್ಮ ಕರೆದಳು, “ಗೌಡ್ರೇ, ಮಿಷನ್ ಮ್ಯಾಲಿಂದ ನಾನೆತ್ಕಳಾಕಿಲ್ಲ. ತಗೊಂಡಿದ್ದು ನನ್ ಕೈಯಿಂದ.” ಅವರು ಮೆಟ್ಟಿಲು ಇಳಿದಾಗಿತ್ತು. ವಾಪಸು ಬಂದು ಅದನ್ನು ಅವಳ ಕೈಗೇ ಕೊಟ್ಟರು. ಮುಖ ಮಾತ್ರ ಇವತ್ತಿಗೂ ಸಡಿಲವಾಗಿಲ್ಲ. ಮುಂದಿನ ಸಭೆಯಲ್ಲಿ ನಿನ್ನ ವಿಚಾರ ಇಡುತ್ತೇನೆ ಅಂದಿದ್ದಾರೆ. ಇಡಲಿ ಅಂದಿದ್ದಾಳೆ ಇವಳು.

ಹದಿನೇಳನೇ ತಾರೀಖು ರವೀಂದ್ರ ಮೇಷ್ಟ್ರು ಬರುವುದು ಐದು ಗಂಟೆಗೆ ಅಂತಿತ್ತು. ಹಾಲಿನ ಹೊತ್ತಿಗೆ ಮುಗಿಯಬೇಕಲ್ಲ ಅಂತ ಮಕ್ಕಳು ದಿನದ ಹಾಗೆ ನಾಲ್ಕೂಕಾಲಿಗೇ ಶುರು ಮಾಡಿದ್ದವು. ಪುಟ್ಟಗೌರಮ್ಮ ಪ್ರಶ್ನೆ ಓದುತ್ತಾ, ನಾವು ಹಿಂದೆ ನಿಂತು ಬೈಯುತ್ತಾ ಅರ್ಧ ಗಂಟೆ ಕಳೆದಿತ್ತು. ಮೇಷ್ಟ್ರು ಹೇಳದೆ ಕೇಳದೆ ಕಾಲು ಗಂಟೆ ಮುಂಚೆಯೇ ಬಾಗಿಲಲ್ಲಿ ಕಾಣಿಸಿಕೊಂಡರು.

ನಮಗೆ ಯಾರಿಗೂ ಇದು ಹೊಳೆದೇ ಇರಲಿಲ್ಲ. ದ್ಯಾವಯ್ಯನ ಬೈಗುಳಕ್ಕೆ ಏಳದ ಮಕ್ಕಳು, ಅಧ್ಯಕ್ಷರಿಗೂ ಏಳದ ಮಕ್ಕಳು, ಮೇಷ್ಟ್ರು ಬಂದರೆ? ಒಂದನೇ ಕ್ಲಾಸಿನಿಂದ ದಿನಕ್ಕೆ ಹತ್ತು ಸಲ ಎದ್ದು ‘ನಮಸ್ತೇ ಸಾರ್’ ಅಂದ ಮಕ್ಕಳು. ಒಬ್ಬರು ಎದ್ದರೂ ಪಟ್ಟಿಗೆ ಸಹಿ ಇಲ್ಲ. ಪುಟ್ಟಗೌರಮ್ಮ ನಿಲ್ಲಿಸದೆ ಮುಂದಿನ ಪ್ರಶ್ನೆ ಓದಿದಳು.

ಸಿದ್ದಾರ್ಥನ ಬೆನ್ನು ನೆಟ್ಟಗಾಯಿತು. ಸೊಂಟ ನೆಲ ಬಿಟ್ಟು ಒಂದು ಗೇಣು ಮೇಲೆ ಬಂತು. ಅವನ ಬಾಯಲ್ಲಿ ‘ನಮ’ ಅನ್ನುವಷ್ಟು ಹೊರಟೂ ಹೊರಟಿತು. ಪಕ್ಕದಲ್ಲಿದ್ದ ಹುಡುಗಿ ಅವನ ಚಡ್ಡಿ ಹಿಡಿದು ಕೆಳಗೆ ಎಳೆದಳು. ಅವನು ಕೂತ. ಹನ್ನೊಂದು ತಲೆಗಳೂ ಗೋಡೆಯ ಕಡೆಗೆ. ಯಾರೂ ತಿರುಗಲಿಲ್ಲ.

ಮೇಷ್ಟ್ರು ಬಾಗಿಲಲ್ಲೇ ನಿಂತರು. ಅರ್ಧ ಗಂಟೆ ನಿಂತರು. ಗಡಿಯಾರದಲ್ಲಿ ಐದೂಕಾಲು ಆದಾಗ ಮಕ್ಕಳೆಲ್ಲ ಒಟ್ಟಿಗೆ ಎದ್ದು, ಡೇರಿ ಅದುರುವ ಹಾಗೆ, “ನಮಸ್ತೇ ಸಾರ್” ಅಂದವು.

“ಹದಿಮೂರು ವರ್ಷ ಆಯ್ತು ಈ ಊರಿಗೆ ಬಂದು” ಅಂದರು ಮೇಷ್ಟ್ರು. “ನನ್ನ ನೋಡಿ ಐಕ್ಳು ಏಳ್ದೆ ಇದ್ದಿದ್ದು ಇವತ್ತೇ ಮೊದ್ಲು.” ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಆಮೇಲೆ ಜೇಬಿನಿಂದ ಪಟ್ಟಿ ತೆಗೆದು, ಕ್ಯಾನಿನ ಮುಚ್ಚಳದ ಮೇಲಿಟ್ಟು ಸಹಿ ಹಾಕಿದರು. “ಪಟ್ಟೀಲಿ ಎಂಟನೇದು, ನಿಮ್ಮ ಸಿದ್ದಾರ್ಥ, ಅರ್ಧ ಎದ್ದಿದ್ದ. ನಾನು ಅರ್ಧ ಲೆಕ್ಕಕ್ಕಿಡಲ್ಲ” ಅಂತ ಹೇಳಿ ಹೋದರು.

ಪರೀಕ್ಷೆ ಫೆಬ್ರವರಿಯ ಮೊದಲ ಭಾನುವಾರ, ಶ್ರೀರಂಗಪಟ್ಟಣದಲ್ಲಿ. ಬೆಳಗಿನ ಹಾಲು ಲಾರಿಗೆ ಏರಿಸಿದ ಕೂಡಲೇ ಹೊರಟೆವು. ಸಾದಿಕ್ ತನ್ನ ಮಾವ ನಿಜಾಮುದ್ದೀನರ ಟೆಂಪೋ ಕಳಿಸಿದ್ದ. ಹೆಣ್ಣುಮಕ್ಕಳ ಜೊತೆಗೆ ಅಂತ ನನ್ನನ್ನೂ ಹತ್ತಿಸಿಕೊಂಡರು. ಪಾಂಡವಪುರ ದಾಟುವಾಗ ಆ ಕಾಲೇಜಿನ ಗೇಟು ಕಂಡಿತು. ಮಕ್ಕಳು ತಲೆ ಬಗ್ಗಿಸಿದವು. “ತಲೆ ಎತ್ತಿ ನೋಡ್ರಿ ಅದ. ಒಳ್ಳೆ ಗೇಟದೆ” ಅಂದಳು ಪುಟ್ಟಗೌರಮ್ಮ. ಎಲ್ಲರೂ ನೋಡಿದೆವು.

ಒಳಗೆ ಮಕ್ಕಳನ್ನು ಮಾತ್ರ ಬಿಟ್ಟರು. ಆದರೆ ಆ ಕೋಣೆಗೆ ಎದೆಮಟ್ಟದ ಕಿಟಕಿಗಳಿದ್ದವು. ನಾವು ಆಚೆಯ ಬೇವಿನ ಮರದ ಕೆಳಗೆ ನಿಂತರೆ ನಮ್ಮ ಮಕ್ಕಳು ಕೂತಿದ್ದ ಹಿಂದಿನ ಸಾಲು ಕಾಣುತ್ತಿತ್ತು. ಹತ್ತು ನಿಮಿಷ ಕಳೆಯಿತು. ಹದಿನೈದು. ಬೇರೆ ಶಾಲೆಯ ಒಬ್ಬ ಹುಡುಗ ಮುಗಿಸಿ ಎದ್ದು ಹೋದ. ನಮ್ಮವು ಒಂದೂ ಅಲುಗಲಿಲ್ಲ.

ಇಪ್ಪತ್ತೈದು ನಿಮಿಷ ಆಗಿರಬೇಕು. ಚಿನ್ನುವಿನ ಪರದೆ ಕಪ್ಪಾಯಿತು. ಅವಳು ಕೈ ಎತ್ತಿದಳು. ಮೇಲ್ವಿಚಾರಕಿ ಬಂದರು, ಚಿಕ್ಕ ವಯಸ್ಸಿನ ಹೆಂಗಸು. ನೋಡಿ, “ಎದ್ದು ಈ ಕಡೆ ಬಾರಮ್ಮ” ಅಂದರು. ಕಿಟಕಿ ತೆರೆದಿತ್ತು, ಎಲ್ಲ ಕೇಳುತ್ತಿತ್ತು.

“ನನ್ ಟೈಮು ಇನ್ನೂ ಅದೆ ಮಿಸ್.”

“ಇದೆ ಕಣೇ. ಬೇರೆ ಕಂಪ್ಯೂಟರ್ ಕೊಡ್ತೀನಿ, ಏಳು.”

“ಏಳಾಕಿಲ್ಲ ಮಿಸ್. ಇದನ್ನೇ ಸರಿ ಮಾಡ್ಕೊಡಿ.”

“ನಿನಗೇ ಒಳ್ಳೇದಕ್ಕೆ ಹೇಳ್ತಿರೋದು!”

“ಎದ್ರೆ ಮುಗೀತು ಅಂತ ಆಯ್ತದೆ ಮಿಸ್.”

ನನ್ನ ಪಕ್ಕದಲ್ಲಿ ಪುಟ್ಟಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮೂರಿನ ಎಲ್ಲರ ಮುಂದೆ ಏಳಬೇಡ ಅಂತ ಕಲಿಸಿದವಳು, ಒಳ್ಳೆಯದಕ್ಕೆ ಏಳು ಅಂದರೆ ಏನು ಮಾಡಬೇಕು ಅನ್ನುವುದನ್ನು ಕಲಿಸಿರಲಿಲ್ಲ. ಕಿಟಕಿಯಿಂದ ಕೂಗಿದರೆ ಮಕ್ಕಳನ್ನೆಲ್ಲ ಹೊರಗೆ ಹಾಕುತ್ತಾರೆ. ಕೂಗದಿದ್ದರೆ ಆ ಹುಡುಗಿ ಕಪ್ಪು ಪರದೆಯ ಮುಂದೆ ಗಂಟೆ ಮುಗಿಯುವ ತನಕ ಕೂತಿರುತ್ತಾಳೆ. ಅವಳು ಮರದ ಕೆಳಗೆ ಎರಡು ಹೆಜ್ಜೆ ಮುಂದೆ ಇಟ್ಟಳು, ಎರಡು ಹೆಜ್ಜೆ ಹಿಂದೆ ಬಂದಳು. “ನೋಡ್ಕತಾಳೆ ಬುಡವ್ವ” ಅಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ.

ಮೇಲ್ವಿಚಾರಕಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಚಿನ್ನುವನ್ನು ನೋಡಿದರು. ಆಮೇಲೆ ನಗು ಬಂತು ಅಂತ ಕಾಣುತ್ತದೆ. ಒಬ್ಬ ಹುಡುಗನನ್ನು ಕರೆದರು. ಅವನು ಮೇಜಿನ ಕೆಳಗೆ ತೂರಿ, ಚಿನ್ನುವಿನ ಕಾಲ ಪಕ್ಕದಲ್ಲೇ ಯಾವುದೋ ವೈರು ಕಿತ್ತು ಚುಚ್ಚಿದ. ಪರದೆ ಬೆಳಗಿತು. “ನಿನ್ನ ಉತ್ತರ ಎಲ್ಲ ಹಾಗೇ ಇದೆ, ನೋಡು. ಹೋದ ಆರು ನಿಮಿಷಾನೂ ಕೊಡ್ತೀನಿ. ಈಗ ಸಮಾಧಾನವಾ?” ಅಂದರು.

“ಆಯ್ತು ಮಿಸ್” ಅಂದಳು ಚಿನ್ನು.

ಗಂಟೆ ಮುಗಿದಾಗ ಕೋಣೆಯಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿಯಾಗಿದ್ದವು. ನಮ್ಮ ಹನ್ನೊಂದು ತುಂಬಿದ್ದವು. ಹತ್ತು ಮಕ್ಕಳು ಒಟ್ಟಿಗೆ ಹೊರಗೆ ಬಂದವು. ಆರು ನಿಮಿಷ ಬಿಟ್ಟು ಚಿನ್ನು ಒಬ್ಬಳೇ ಬಂದಳು. ಪುಟ್ಟಗೌರಮ್ಮ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. “ಒಳ್ಳೇದಕ್ಕೆ ಏಳು ಅಂದ್ರೆ ಏಳ್ಬೇಕು ಕಣೇ” ಅಂದಳು.

“ಒಳ್ಳೇದಕ್ಕೋ ಕೆಟ್ಟದ್ದಕ್ಕೋ ಅಂತ ನಂಗೆಂಗೊತ್ತಾಯ್ತದೆ?” ಅಂದಳು ಹುಡುಗಿ.

ಪುಟ್ಟಗೌರಮ್ಮ ಮಕ್ಕಳ ತಲೆ ಎಣಿಸಿ ಟೆಂಪೋ ಹತ್ತಿಸಿದಳು. ನಾನು ಇದನ್ನು ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಪಟ್ಟಿಯಲ್ಲಿ ಹನ್ನೊಂದು ಹೆಸರು ಹೋಗಿದ್ದವು, ಹನ್ನೊಂದು ಮಕ್ಕಳೂ ಕೊನೆಯ ನಿಮಿಷದ ತನಕ ಕೂತು ಬರೆದವು. ಅಷ್ಟು ನಾನು ಕಣ್ಣಾರೆ ಕಂಡಿದ್ದೇನೆ.

ನದಿಯ ಹತ್ತಿರ ನಿಲ್ಲಿಸಿ ಚಿತ್ರಾನ್ನ ತಿಂದೆವು. ಮಕ್ಕಳು ನೀರಿಗೆ ಇಳಿಯುತ್ತೇವೆ ಅಂದವು. “ಐದೂವರೆಗೆ ಹಾಲು. ಹತ್ತಿ ಹತ್ತಿ” ಅಂತ ಪುಟ್ಟಗೌರಮ್ಮ ಗದರಿದಳು. ಊರು ಮುಟ್ಟಿದಾಗ ಐದೂ ನಲವತ್ತು. ಡೇರಿಯ ಮುಂದೆ ಆಗಲೇ ಸಾಲು ನಿಂತಿತ್ತು. ಸಿದ್ದರಾಜು ನೀರು ಕಾಯಿಸಿ ಇಟ್ಟಿದ್ದ. ಅವಳು ಬೀಗ ತೆಗೆದಳು. ಯಾರೂ ಪರೀಕ್ಷೆ ಏನಾಯಿತು ಅಂತ ಕೇಳಲಿಲ್ಲ. ದ್ಯಾವಯ್ಯ ಮಾತ್ರ ಸಿದ್ದಾರ್ಥನ ಕಡೆ ಹುಬ್ಬು ಹಾರಿಸಿದ. ಹುಡುಗ, “ಕೂತಿದ್ದೆ ತಾತ” ಅಂದ.

ಲಾರಿ ಹೋದ ಮೇಲೆ ಅವಳು ಸೀರೆ ಎತ್ತಿ ಕಟ್ಟಿಕೊಂಡು ತೊಳೆಯುವ ಕಲ್ಲಿನ ಹತ್ತಿರ ಕೂತಳು. ಸೋಡದ ಪುಡಿ ಹಾಕಿದ ಬಿಸಿನೀರು ಸುರಿದು, ಕ್ಯಾನಿನ ಒಳಗೆ ಭುಜದವರೆಗೆ ಕೈ ಇಳಿಸಿ ಉಜ್ಜಿದಳು. ಚಿನ್ನು ಒಳಗೆ ಒದ್ದೆ ಬಟ್ಟೆ ಹಿಂಡಿ ಕೀಬೋರ್ಡು ಒರೆಸುತ್ತಿದ್ದಳು. ಪುಟ್ಟಗೌರಮ್ಮ ಕ್ಯಾನಿಗೆ ಎರಡು ಸಲ ತಣ್ಣೀರು ಹುಯ್ದು ಅಲುಗಿಸಿ ಚೆಲ್ಲಿದಳು, ಕಟ್ಟೆಯ ಮೇಲೆ ಬೋರಲು ಹಾಕಿದಳು, ಮುಂದಿನ ಕ್ಯಾನು ಎಳೆದುಕೊಂಡಳು.